ನೀಲಿ ರಂಗೋಲಿಯ ನಕ್ಷೆ

ನಂಜನಗೂಡಿನ ಆ ಗಲ್ಲಿಗೆ ಕಪಿಲೆಯ ನೀರು ನುಗ್ಗಿದ ದಿನ ನಾನು ಅಲ್ಲಿದ್ದೆನೋ ಇಲ್ಲವೋ, ನನಗೆ ಖಚಿತವಿಲ್ಲ. ಇದ್ದೆ ಎಂದೇ ಬಹಳ ದಿನ ನಂಬಿಕೊಂಡಿದ್ದೆ. ಪ್ಯಾಂಟು ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲುದ್ದದ ಕೆಂಪು ನೀರಿನಲ್ಲಿ ನಿಂತಿದ್ದೆ. ಎದುರು ಮನೆಯ ಜಗಲಿಯ ಮೇಲಿಂದ ಒಂದು ಕೋಳಿ ನನ್ನನ್ನೇ ಅನುಮಾನದಿಂದ ನೋಡುತ್ತಿತ್ತು. ಅದರ ಕತ್ತಿನ ಬಣ್ಣ ಕೂಡ ನೆನಪಿದೆ. ಆದರೆ ನನ್ನ ಅಮ್ಮನ ಪ್ರಕಾರ ಆ ವಾರ ಪೂರ್ತಿ ನಾನು ತಿ. ನರಸೀಪುರದ ಮನೆಯಲ್ಲಿ ಜ್ವರ ಹಿಡಿದು ಮಲಗಿದ್ದೆ. ಗಂಜಿ ಬೇಡ, ಮಸಾಲೆ ದೋಸೆ ಬೇಕು ಎಂದು ಹಟ ಮಾಡುತ್ತಿದ್ದೆ. ಅಮ್ಮನಿಗೆ ದೋಸೆಯ ವಿವರ ಸಮೇತ ನೆನಪಿದೆ, ನನಗೆ ಕೋಳಿಯ ವಿವರ ಸಮೇತ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರದು ತಪ್ಪು ನೆನಪು, ಅಷ್ಟೆ. ಆ ದಿನಗಳಲ್ಲಿ ನೆರೆಯ ವಿಡಿಯೊಗಳು ಫೋನಿನಿಂದ ಫೋನಿಗೆ ಹಾರುತ್ತಿದ್ದವು. ಆ ಕೋಳಿ ಅಂಥದೊಂದು ವಿಡಿಯೊದಿಂದ ಹಾರಿ ಬಂದು ನನ್ನ ತಲೆಯಲ್ಲಿ ಕೂತಿರಲೂಬಹುದು.

ಇಷ್ಟೆಲ್ಲ ಅನುಮಾನ ನನಗೆ ಹುಟ್ಟಿನಿಂದ ಬಂದದ್ದಲ್ಲ. ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡುವಾಗ ಅಂಟಿಕೊಂಡದ್ದು. ಯಾರಾದರೂ ‘ನಾನು ಕಣ್ಣಾರೆ ಕಂಡೆ’ ಎಂದರೆ, ಎಲ್ಲಿ ನಿಂತು ಕಂಡರು, ಆಮೇಲೆ ಎಷ್ಟು ಜನಕ್ಕೆ ಹೇಳಿದರು, ಹೇಳುತ್ತ ಹೇಳುತ್ತ ಎಷ್ಟು ಬದಲಾಯಿತು ಎಂದು ಕೇಳಬೇಕೆಂದು ಅಲ್ಲಿ ಕಲಿಸಿದರು. ಕಲಿತದ್ದನ್ನು ನಾನು ಮೊದಲು ಪ್ರಯೋಗಿಸಿದ್ದು ನೆಂಟರ ಮೇಲೆ. ಮದುವೆ ಮನೆಗಳಲ್ಲಿ ನನ್ನ ಪಕ್ಕ ಕೂತು ಊಟ ಮಾಡುವವರು ಕಡಿಮೆಯಾದರು. ಆಮೇಲೆ ನನ್ನ ಮೇಲೇ ಪ್ರಯೋಗಿಸಿಕೊಂಡೆ. ಅಂದಿನಿಂದ ನನಗೇ ನನ್ನ ಪಕ್ಕ ಕೂರುವುದು ಕಷ್ಟವಾಗಿದೆ.

ಒಂದು ಕಡೆ ನಿಲ್ಲುವ ಸ್ವಭಾವವೂ ನನ್ನದಲ್ಲ. ಡಿಗ್ರಿ ಕಾಲೇಜಿನಲ್ಲಿ ಒಂದು ವರ್ಷ ಪಾಠ ಮಾಡಿ ಬಿಟ್ಟೆ. ಒಂದು ಪತ್ರಿಕೆಗೆ ಆರು ತಿಂಗಳು ಬರೆದು ಬಿಟ್ಟೆ. ಹೀಗೆ ಬಿಡುತ್ತ ಬಂದು ಸಿಕ್ಕಿಕೊಂಡದ್ದು ಎಂ.ಎ.ಯಲ್ಲಿ ಪಾಠ ಮಾಡಿದ್ದ ನಮ್ಮ ಮೇಡಂ ನಡೆಸುತ್ತಿದ್ದ ಒಂದು ಅಧ್ಯಯನಕ್ಕೆ. ‘ಜಾಗತಿಕ ಪರಿಸರ ಬದಲಾವಣೆಯನ್ನು ಸಮಾಜ ವಿಜ್ಞಾನಗಳು ಅರಿಯುವ ಬಗೆ: ನದಿತೀರದ ಸಣ್ಣ ಪಟ್ಟಣಗಳ ಅನುಭವ’ ಎಂದು ಅದರ ಹೆಸರು. ಕೊರಳಿಗೆ ಹಾಕಿಕೊಳ್ಳುವ ಗುರುತಿನ ಚೀಟಿಯಲ್ಲಿ ಆ ಹೆಸರು ಹಿಡಿಸದೆ ‘ಅರಿಯುವ ಬ’ ಎನ್ನುವಲ್ಲಿಗೆ ನಿಂತುಹೋಗಿತ್ತು. ನಂಜನಗೂಡಿನಲ್ಲಿ ಹೊಳೆಯ ಕಡೆಗೆ ಇಳಿಯುವ ನಾಲ್ಕು ಬೀದಿಗಳು ನನ್ನ ಪಾಲಿಗೆ ಬಂದವು. ದಿನಾ ತಿ. ನರಸೀಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ನಾಲ್ಕನೆಯದು ಬೀದಿಯಲ್ಲ, ಗಲ್ಲಿ. ಎರಡು ಕಡೆ ಸೇರಿ ಹನ್ನೊಂದು ಮನೆ. ಗಲ್ಲಿಯ ನಡುವೆ ಪುರಿ ಹುರಿಯುವ ಒಂದು ಭಟ್ಟಿ. ಮಣ್ಣಿನ ಒಲೆಯ ಮೇಲೆ ದೊಡ್ಡ ಕಬ್ಬಿಣದ ಬಾಣಲೆ, ಅದರಲ್ಲಿ ಕಾದ ಮರಳು, ಆ ಮರಳಿಗೆ ಉಪ್ಪುನೀರು ಕುಡಿಸಿ ಒಣಗಿಸಿದ ಅಕ್ಕಿ ಬಿದ್ದರೆ ಒಂದೇ ಉಸಿರಿಗೆ ಅರಳಿ ಪುರಿಯಾಗುತ್ತಿತ್ತು. ದೇವಸ್ಥಾನದ ಮುಂದಿನ ಅಂಗಡಿಗಳಿಗೆ ಪುರಿ ಹೋಗುತ್ತಿದ್ದುದು ಇಲ್ಲಿಂದಲೇ. ಭಟ್ಟಿ ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು, ಹೆಡತಲೆ ಎಂಬ ಊರಿನಿಂದ ಮದುವೆಯಾಗಿ ಬಂದವರು. ಗಲ್ಲಿಯವರೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದರು. ಎರಡನೆಯ ದಿನದಿಂದ ನಾನೂ ಹಾಗೇ ಕರೆಯತೊಡಗಿದೆ. 

ಪ್ರಶ್ನಾವಳಿ ಹಿಡಿದು ಮೊದಲ ಸಲ ಅವರ ಮುಂದೆ ಕೂತಾಗ ಅವರು ತೆಂಗಿನ ಕಡ್ಡಿಯ ಹಿಡಿಯಿಂದ ಬಾಣಲೆ ತಿರುವುತ್ತಿದ್ದರು. ನಾನು ಓದಿದೆ: “ಜಗತ್ತಿನ ಹವಾಮಾನ ಬದಲಾಗುತ್ತಿದೆ ಎಂಬ ಮಾತನ್ನು ನೀವು ಪೂರ್ತಿ ಒಪ್ಪುತ್ತೀರಾ, ಸ್ವಲ್ಪ ಒಪ್ಪುತ್ತೀರಾ, ಒಪ್ಪುವುದಿಲ್ಲವಾ, ಸ್ವಲ್ಪವೂ ಒಪ್ಪುವುದಿಲ್ಲವಾ?”

“ನಾನು ಒಪ್ದಿದ್ರೆ ನಿಂತೋಯ್ತದಾ ಸಾ?”

“ಹಾಗಲ್ಲಕ್ಕ, ನಿಮ್ಮ ಅಭಿಪ್ರಾಯ ಕೇಳ್ತಾ ಇದೀವಿ.”

“ಮದ್ವೆ ಮಾಡೋವಾಗ ನಮ್ಮಪ್ಪ ಕೇಳ್ನಿಲ್ಲ ನನ್ನ ಅಭಿಪ್ರಾಯ. ಈಗ ಜಗತ್ತೇ ಕೇಳ್ತಾ ಅದೆ. ಬರ್ಕೊಳಿ, ಪೂರ್ತಿ ಒಪ್ಪೀವ್ನಿ.” ಅವರು ಬಾಣಲೆಯ ಮರಳನ್ನು ಜರಡಿಗೆ ಎತ್ತಿ ಸುರಿದರು. ಮರಳು ಕೆಳಗೆ ಇಳಿಯಿತು, ಪುರಿ ಮೇಲೆ ಉಳಿಯಿತು. “ನೀವ್ ಕೇಳೋದೆಲ್ಲ ಕೇಳಾದ್ಮೇಲೆ ನಂದೂ ಒಂದದೆ. ಅದನ್ನ ಯಾವ ಕಾಲಮ್ಮಲ್ಲಿ ಬರ್ಕತೀರಿ?”

ಅವರ ಆ ‘ಒಂದು’ ಇದು. ಮೇಲಿನ ಅಣೆಕಟ್ಟೆ ತುಂಬಿ ಗೇಟು ತೆರೆಯುವ ಮೊದಲು ಮೈಕು ಕಟ್ಟಿದ ಒಂದು ಆಟೋ ಹೊಳೆಬದಿಯ ಬೀದಿಗಳಲ್ಲಿ ಕೂಗಿಕೊಂಡು ಹೋಗುತ್ತದೆ. ಎಲ್ಲೆಲ್ಲಿ ಹೋಗಬೇಕೆಂದು ಡ್ರೈವರನ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಹಿಂದೆ ಮನೆಯೊಳಗೆ ನೀರು ಹೊಕ್ಕ ಬೀದಿಗಳಷ್ಟೇ ಆ ಪಟ್ಟಿಯಲ್ಲಿ. ಈ ಗಲ್ಲಿಯ ಹೆಸರು ಅದರಲ್ಲಿ ಇರಲಿಲ್ಲ. ಐದಾರು ವರ್ಷದ ಹಿಂದಿನ ನೆರೆಯಲ್ಲಿ ಆಟೋ ದೊಡ್ಡ ಬೀದಿಯಲ್ಲೇ ನೇರ ಹೋಯಿತು. ಭಟ್ಟಿಯ ಸದ್ದಿನಲ್ಲಿ ಅಕ್ಕನಿಗೆ ಕೇಳಿಸಿದ್ದು ಬರೀ ಗೊರಗೊರ. ಈರುಳ್ಳಿ ಮಾರುವವನು ಎಂದುಕೊಂಡು ಸುಮ್ಮನಾದರು. ಮಧ್ಯಾಹ್ನದ ಹೊತ್ತಿಗೆ ನೀರು ಬಂದು ಒಣಹಾಕಿದ್ದ ಅಕ್ಕಿ, ಕಟ್ಟಿಟ್ಟಿದ್ದ ಪುರಿ, ಒಲೆ, ಎಲ್ಲ ಹೋಯಿತು.

“ನೀರ್ ಬರ್ಬೇಡ ಅಂತ ನಾನು ಯೋಳಲ್ಲ. ಅದು ವೊಳೆ, ಬತ್ತದೆ. ಒಂದ್ ಮಾತು ಯೋಳಿ ಬರ್ಲಿ ಅಂತೀನಿ. ಮೂರು ಗಂಟೆ ಟೈಮ್ ಸಿಕ್ರೆ ಎಲ್ಲಾನೂ ಎದುರು ಮನೆ ತಾರಸಿಗೆ ಏರಿಸ್ಬುಡ್ತೀನಿ. ಆ ಆಟೋ ನಮ್ ಗಲ್ಲಿ ಒಳೀಕ್ ಬರ್ಬೇಕು, ಅಷ್ಟೆಯಾ.”

ನಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧ ಇತ್ತು. ಆ ವರ್ಷ ಸಂಬಂಧಪಟ್ಟ ಕಚೇರಿಯವರು ಪಟ್ಟಿಯನ್ನು ಪರಿಷ್ಕರಿಸುತ್ತಿದ್ದರು. ಮನೆ ಮನೆ ತಿರುಗಿ ನೀರಿನ ಗುರುತು ಹಿಡಿಯಲು ಅವರಲ್ಲಿ ಜನ ಇರಲಿಲ್ಲ. ನಿಮ್ಮ ಅಧ್ಯಯನದಲ್ಲಿ ಬರೆಸುವ ಬೀದಿಗಳ ನಕ್ಷೆ ಕೊಡಿ, ಅದರಲ್ಲಿ ನೀರು ಮನೆಯೊಳಗೆ ಹೋದ ಬೀದಿಗಳನ್ನು ಸೇರಿಸಿಕೊಳ್ಳುತ್ತೇವೆ ಎಂದು ಮೇಡಂಗೆ ಹೇಳಿದ್ದರು. ಉಳಿದ ಮೂರು ಬೀದಿಗಳು ಹೇಗೂ ಹಳೆಯ ಪಟ್ಟಿಯಲ್ಲೇ ಇದ್ದವು. ನಮ್ಮ ನಕ್ಷೆಯಿಂದ ಏನಾದರೂ ಬದಲಾಗುವುದಿದ್ದರೆ ಅದು ಈ ಹನ್ನೊಂದು ಮನೆಗಳಿಗೆ ಮಾತ್ರ. ನಾನು ಧೈರ್ಯವಾಗಿ ಹೇಳಿದೆ: “ಅಕ್ಕ, ಅದು ಆದ ಹಾಗೇ ಅಂದ್ಕೊಳ್ಳಿ.” ಅನುಮಾನ ಪಡುವುದನ್ನೇ ಉದ್ಯೋಗ ಮಾಡಿಕೊಂಡವನು ಅನುಮಾನ ಪಡಬೇಕಾದ ಹೊತ್ತಿನಲ್ಲಿ ಪಡಲಿಲ್ಲ.

ನಕ್ಷೆ ಬರೆಸುವುದರಲ್ಲಿ ಮೇಡಂಗೆ ತಮ್ಮದೇ ನಂಬಿಕೆ ಇತ್ತು. ಉಪಗ್ರಹದ ಚಿತ್ರ ನೀರು ಎಲ್ಲಿತ್ತು ಎಂದು ಹೇಳುತ್ತದೆ, ಆ ನೀರಿನಲ್ಲಿ ಯಾರ ಅಕ್ಕಿ ಇತ್ತು ಎಂದು ಹೇಳುವುದಿಲ್ಲ ಎನ್ನುತ್ತಿದ್ದರು. ಆದ್ದರಿಂದ ಜನರೇ ತಮ್ಮ ಬೀದಿಯ ನಕ್ಷೆಯನ್ನು ನೆಲದ ಮೇಲೆ ಬರೆಯಬೇಕು, ನಾವು ಬಾಯಿ ಮುಚ್ಚಿಕೊಂಡು ನೋಡಬೇಕು. ದೊಡ್ಡ ಬೀದಿಗಳಲ್ಲಿ ಗಂಡಸರು ಸುಣ್ಣದ ಪುಡಿ ಹಿಡಿದು ಬರೆದರು. ಅವರ ಹೊಳೆಗೆ ಯಾವ ಅಡ್ಡಿಯೂ ಇರಲಿಲ್ಲ; ಪಡಸಾಲೆ, ಅಡುಗೆಮನೆ, ದೇವರ ಕೋಣೆ ಎಲ್ಲವನ್ನೂ ದಾಟಿಕೊಂಡು ಹಿತ್ತಿಲಿಗೆ ಹೋಗಿತ್ತು. ಗಲ್ಲಿಯಲ್ಲಿ ಹಗಲು ಹೊತ್ತು ಗಂಡಸರು ಇರುತ್ತಿರಲಿಲ್ಲ. ಹೆಂಗಸರು ಸುಣ್ಣ ಬೇಡ, ರಂಗೋಲಿಯಲ್ಲಿ ಬರೆಯುತ್ತೇವೆ ಎಂದರು. ಮೇಡಂಗೆ ಇನ್ನೂ ಖುಷಿಯಾಯಿತು.

ಅಕ್ಕನ ಎದುರು ಮನೆಯಲ್ಲಿ ಅಂಗನವಾಡಿಯಿಂದ ನಿವೃತ್ತರಾದ ಟೀಚರಮ್ಮ ಇದ್ದರು. ಆ ಗಲ್ಲಿಯಲ್ಲಿ ರಂಗೋಲಿ ಎಂದರೆ ಅವರೇ. ಒಂದು ಶುಕ್ರವಾರ ಬೆಳಗ್ಗೆ ಗಲ್ಲಿ ಗುಡಿಸಿ, ನೀರು ಹಾಕಿ, ಅವರ ಕೈಗೆ ಬಿಳಿ ಪುಡಿ ಕೊಟ್ಟರು. ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿ ಬಗ್ಗಿದವರು ಮುಕ್ಕಾಲು ಗಂಟೆ ಎದ್ದೇಳಲಿಲ್ಲ. ಹನ್ನೊಂದು ಮನೆಗಳೂ ಸಾಲಾಗಿ ಎದ್ದವು. ಪ್ರತಿ ಮನೆಗೂ ಒಂದು ಬಾಗಿಲು, ಬಾಗಿಲಿಗೆ ಹೊಸ್ತಿಲು, ಹೊಸ್ತಿಲ ಮುಂದೆ ಸಾಸಿವೆ ಕಾಳಿನಷ್ಟು ಸಣ್ಣ ರಂಗೋಲಿ. ಭಟ್ಟಿಗೆ ಕೆಂಪು ಪುಡಿಯ ಬೆಂಕಿ. ನಲ್ಲಿಗೆ ಮೂರು ಹನಿ.

“ನಮ್ಮನೆ ಅಷ್ಟ್ ಸಣ್ದಾ ಟೀಚರಮ್ಮ? ನಿಮ್ಮನೆ ಮಾತ್ರ ಅರಮನೆ ಮಾಡ್ಕೊಂಡಿದೀರಿ,” ಎಂದು ಅಕ್ಕ ಛೇಡಿಸಿದರು.

“ಪುಡಿ ನನ್ನ ಕೈಲಿದೆ ಕಣೇ. ಜಾಸ್ತಿ ಮಾತಾಡಿದ್ರೆ ನಿನ್ನ ಮನೆ ಬಾಗಿಲು ಹಿತ್ತಿಲ ಕಡೆಗೆ ಬರೆದುಬಿಡ್ತೀನಿ!”

ಕೊನೆಗೆ ನಾನು ನೀಲಿ ಪುಡಿಯ ಬಟ್ಟಲು ಮುಂದಿಟ್ಟು, ನೆರೆಯಲ್ಲಿ ಹೊಳೆ ಎಲ್ಲಿಯವರೆಗೆ ಬಂತು ತೋರಿಸಿ ಎಂದೆ. ಟೀಚರಮ್ಮ ಒಂದು ಕ್ಷಣ ಬಟ್ಟಲು ಹಿಡಿದು ನಿಂತರು. ಆಮೇಲೆ ಗಲ್ಲಿಯ ಬಾಯಿಂದ ಗೆರೆ ಎಳೆಯತೊಡಗಿದರು. ಗೆರೆ ಒಂದೊಂದು ಹೊಸ್ತಿಲ ಹತ್ತಿರ ಬಂದಾಗಲೂ ಮೆಲ್ಲಗೆ ಬಾಗಿ, ಬಾಗಿಲಿನ ಮುಂದೆ ಅರ್ಧಚಂದ್ರದ ಹಾಗೆ ತಿರುಗಿ, ಮುಂದಿನ ಮನೆಗೆ ಹೋಗುತ್ತಿತ್ತು. ನಾನು ತಾರಸಿ ಹತ್ತಿ ಫೋಟೊ ತೆಗೆದೆ. ಮೇಲಿಂದ ನೋಡಿದರೆ ಸೀರೆಯ ಅಂಚಿನ ಹಾಗಿತ್ತು. ಆಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತ್ತು ಎಂದು ಇವತ್ತು ಹೇಳಿಕೊಳ್ಳುವ ಆಸೆಯಾಗುತ್ತದೆ. ಅನ್ನಿಸಿರಲಿಕ್ಕಿಲ್ಲ. ಆ ದಿನದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇರುವುದು ಎರಡೇ ಸಾಲು: ‘ನಕ್ಷೆ ಬಹಳ ಚೆನ್ನಾಗಿ ಬಂದಿದೆ. ಪುರಿಗೆ ಖಾರ ಹಾಕಿ ಕೊಟ್ಟರು.’

ಮೈಸೂರಿಗೆ ಹೋದ ಫೋಟೊವನ್ನು ಕಂಪ್ಯೂಟರಿನಲ್ಲಿ ಕೂತ ಯಾರೋ ಗೆರೆಗೆ ಗೆರೆ ಹೊಂದಿಸಿ ನಕ್ಷೆ ಮಾಡಿದರು. ಎರಡು ವಾರದಲ್ಲಿ ಕರಡು ವರದಿ ಬಂತು. ನಾಲ್ಕನೆಯ ಬೀದಿಯ ಮುಂದೆ ‘ನೀರು ಹೊಕ್ಕ ಮನೆಗಳು: ಇಲ್ಲ’ ಎಂದು ಅಚ್ಚಾಗಿತ್ತು. ನಾನು ಅದನ್ನು ಬಸ್ಸಿನಲ್ಲಿ ಓದಿದೆ. ದಾರಿಯ ಹದಿನಾರು ಎಂಬ ಊರು ದಾಟುವಷ್ಟರಲ್ಲಿ ಮೂರು ಸಲ ಸೀಟು ಬದಲಾಯಿಸಿದೆ. ಪಕ್ಕದವರೊಬ್ಬರು, “ಸಾ, ಬಸ್ಸು ಒಂದೇ, ಎಲ್ಲಿ ಕುಂತ್ರೂ ನಂಜನಗೂಡಿಗೇ ಓಯ್ತದೆ,” ಎಂದರು.

ಕರಡನ್ನು ಜನರಿಗೆ ತೋರಿಸಿಯೇ ಮುಂದಕ್ಕೆ ಕಳಿಸಬೇಕೆಂಬುದು ಮೇಡಂ ಮಾಡಿದ್ದ ನಿಯಮ. ಅದು ಶನಿವಾರ. ಸೋಮವಾರ ಕಚೇರಿಗೆ ನಕ್ಷೆ ತಲುಪಬೇಕಿತ್ತು. ಅಕ್ಕ ಕನ್ನಡಕ ಹಾಕಿಕೊಂಡು, ಕೈ ಸೆರಗಿಗೆ ಒರೆಸಿಕೊಂಡು, ಆ ಸಾಲನ್ನು ಎರಡು ಸಲ ಓದಿದರು.

“ನಮ್ಮನೆ ಒಳೀಕೆ ನೀರ್ ಬರ್ನಿಲ್ವಾ?”

“ನಕ್ಷೆಯಲ್ಲಿ ಹಾಗಿದೆ ಅಕ್ಕ.”

“ಹಂಗಾರೆ ನನ್ ಒಲೆ ಯಾರು ಉಂಡ್ರು? ನಾನೇ ಉಂಡ್ನಾ?” ಗಲ್ಲಿಗೆಲ್ಲ ಕೇಳುವ ಹಾಗೆ ಕೇಳಿದರು. ಒಂದೊಂದೇ ಬಾಗಿಲು ತೆರೆಯಿತು. “ನೋಡ್ರಮ್ಮಾ, ನಾವೆಲ್ಲ ಅವತ್ತು ಕನಸು ಕಂಡೋ ಅಂತ ಬರ್ದವ್ರೆ. ಹನ್ನೊಂದು ಮನೇರೂ ಒಂದೇ ಕನಸು!”

“ಬರೆದದ್ದು ನೀವೇ ಅಲ್ವಾ, ನೀವು ಎಳೆದ ಗೆರೆನೇ...” ಎಂದು ನಾನು ಶುರು ಮಾಡಿದೆ.

“ಅದಿರ್ಲಿ ಬುಡಿ. ಅವತ್ತು ನೀವೇ ಇಲ್ಲಿದ್ರಿ ಅಂತ ಯೋಳಿದ್ರಲ್ಲ, ಮೊಣಕಾಲುದ್ದ ನೀರು ಅಂತ? ಅದನ್ನೇ ಬರೀರಿ. ಓದಿರೋರು, ಯೂನಿವರ್ಸಿಟಿಯೋರು, ನೀವ್ ಬರುದ್ರೆ ಯಾರು ಇಲ್ಲ ಅಂತಾರೆ?”

ಹೇಳಿದ್ದು ನಿಜ. ಮೊದಲ ವಾರ ಪರಿಚಯ ಬೆಳೆಸುವ ಉತ್ಸಾಹದಲ್ಲಿ ಕೋಳಿಯ ಕತೆಯನ್ನೆಲ್ಲ ಹೇಳಿದ್ದೆ. ಈಗ ಗಲ್ಲಿಯವರೆಲ್ಲ ನನ್ನ ಮುಖ ನೋಡುತ್ತಿದ್ದರು. ಒಂದು ಸಾಲು ಬರೆದು ಸಹಿ ಹಾಕಿದ್ದರೆ ಅವತ್ತೇ ಮುಗಿಯುತ್ತಿತ್ತೇನೋ. ನಾನು ಹೇಳಿದೆ: “ಅಕ್ಕ, ನಾನು ಇದ್ದೆ ಅಂತ ನನಗೇ ಖಾತ್ರಿ ಇಲ್ಲ. ಅಮ್ಮ ಇರಲಿಲ್ಲ ಅಂತಾರೆ.”

ಅಕ್ಕ ಎದುರು ಮನೆಯ ಕಡೆ ತಿರುಗಿದರು. “ನೋಡಿದ್ರಾ ಟೀಚರಮ್ಮ? ಓದಿ ಓದಿ ಏನಾಗದೆ ಅಂದ್ರೆ, ತಾನು ಎಲ್ಲಿದ್ದೆ ಅನ್ನೋದ್ನೂ ಅವ್ವುನ್ನ ಕೇಳ್ಬೇಕು.” ಗಲ್ಲಿ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆದರೆ ಅಕ್ಕ ನಗಲಿಲ್ಲ. ಅವರು ಕರಡನ್ನು ಮಡಚಿ ನನ್ನ ಕೈಗೆ ಕೊಟ್ಟು ಭಟ್ಟಿಯ ಮುಂದೆ ಹೋಗಿ ಕೂತರು. ಮಳೆಗಾಲಕ್ಕೆ ಇನ್ನು ಹೆಚ್ಚು ದಿನ ಇರಲಿಲ್ಲ.

ನಾನು ಟೀಚರಮ್ಮನ ಜಗಲಿಯ ಮೇಲೆ ಕೂತು ಫೋನಿನಲ್ಲಿ ಆ ಫೋಟೊ ತೆರೆದೆ. ಬೇರೆ ಬೀದಿಯ ಸುಣ್ಣದ ನಕ್ಷೆಯನ್ನೂ ತೆರೆದೆ. ಒಂದರಲ್ಲಿ ಹೊಳೆ ಕಳ್ಳನ ಹಾಗೆ ಮನೆಯೆಲ್ಲ ಹೊಕ್ಕಿದೆ, ಇನ್ನೊಂದರಲ್ಲಿ ನೆಂಟರ ಹಾಗೆ ಬಾಗಿಲಲ್ಲೇ ನಿಂತಿದೆ. ಫೋನನ್ನು ಅವರ ಮುಂದೆ ಹಿಡಿದು ಕೇಳಿದೆ: “ಟೀಚರಮ್ಮ, ಗೆರೆ ಪ್ರತಿ ಬಾಗಿಲಲ್ಲೂ ಯಾಕೆ ಹೀಗೆ ಬಾಗಿದೆ?”

ಅವರು ನನ್ನನ್ನು ಅಂಗನವಾಡಿಯ ಮಗುವನ್ನು ನೋಡಿದ ಹಾಗೆ ನೋಡಿದರು. “ಮತ್ತೆ? ಹೊಸ್ತಿಲ ಮೇಲೆ ನೀರು ಬರೆಯೋಕಾಗುತ್ತಾ?”

“ಆದ್ರೆ ನೀರು ಹೊಸ್ತಿಲು ದಾಟಿ ಬಂತಲ್ಲ?”

“ಬಂತು. ಅದು ತಾನಾಗಿ ಬಂದಿದ್ದು. ನಾನು ಕೈಯಾರೆ ಬರೆದು ಕರೆಯೋದು ಬೇರೆ ಅಲ್ವಾ? ಅದೂ ಶುಕ್ರವಾರ. ಅದೂ ಬೇರೆಯವರ ಮನೆ ಹೊಸ್ತಿಲು. ನಾಳೆ ಅವರ ಮನೆಗೆ ನೀರು ಬಂದ್ರೆ ಟೀಚರಮ್ಮನೇ ಬರೆದು ತರಿಸಿದ್ಳು ಅಂತಾರೆ. ರಂಗೋಲಿ ಅಂದ್ರೆ ಆಟವಾ?”

“ಯಾರೂ ಅವತ್ತು ಹೇಳಲೇ ಇಲ್ಲ!”

“ನೀವು ಕೇಳಿದ್ದು ಹೊಳೆ ಎಲ್ಲಿವರೆಗೆ ಬಂತು ಅಂತ. ಬಾಗಿಲವರೆಗೆ ಬರೆದಿದೀನಿ. ಅಲ್ಲಿಂದ ಮುಂದಕ್ಕೆ ಬಂದದ್ದು ಎಲ್ಲರಿಗೂ ಗೊತ್ತೇ ಇದೆ. ಗೊತ್ತಿರೋದನ್ನ ಯಾಕೆ ಬರೆಯಬೇಕು?”

ಭಟ್ಟಿಯ ಕಡೆಯಿಂದ ಕಡ್ಡಿಯ ಸದ್ದು ನಿಂತಿತು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಅಯ್ಯೋ, ನನಗೂ ಒಳೀಲೇ ಇಲ್ವಲ್ಲ! ನಾನು ಬರುದಿದ್ರೂ ಅಂಗೇ ಬರೀತಿದ್ದೆ ಕಣ್ ಸಾ.”

ಮೇಡಂಗೆ ಫೋನ್ ಮಾಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ಪೂರ್ತಿ ಕೇಳಿಸಿಕೊಂಡರು, ಆಮೇಲೆ ಬಹಳ ಹೊತ್ತು ನಕ್ಕರು. “ನಾವು ಬಾಯಿ ಮುಚ್ಚಿಕೊಂಡು ನೋಡಿದ್ದು ಸರಿ ಕಣಯ್ಯ, ಆಮೇಲೆ ಒಂದು ಮಾತು ಕೇಳೋದು ಮರೆತೆವು,” ಎಂದರು. ತಕ್ಷಣ ಧ್ವನಿ ಬದಲಾಯಿಸಿ, “ಸೋಮವಾರ ಬೆಳಗ್ಗೆ ಹತ್ತಕ್ಕೆ ನನಗೆ ಹೊಸ ಅಳತೆ ಬೇಕು. ರಂಗೋಲಿ ಬೇಡ. ಹೇಗೆ ಮಾಡ್ತೀಯೋ ಅವರನ್ನೇ ಕೇಳು.”

ಅವರನ್ನೇ ಕೇಳಿದೆ. ನೀರಿನ ಆಳವನ್ನು ಆ ಗಲ್ಲಿಯಲ್ಲಿ ಯಾರೂ ಅಡಿಯಲ್ಲಿ ಹೇಳುತ್ತಿರಲಿಲ್ಲ. ಪಾದ ಮುಳುಗುವಷ್ಟು, ಮೊಣಕಾಲುದ್ದ, ಸೊಂಟದುದ್ದ ಎಂದು ಮೈಮೇಲೆ ತೋರಿಸುತ್ತಿದ್ದರು. ಹಾಗಾದರೆ ಒಬ್ಬೊಬ್ಬರೂ ತಮ್ಮ ಮನೆಯೊಳಗೆ, ನೀರು ಬಂದಾಗ ನಿಂತಿದ್ದ ಜಾಗದಲ್ಲೇ ನಿಂತು ಮೈಮೇಲೆ ಕೈಯಿಟ್ಟು ತೋರಿಸಲಿ, ನಾನು ಟೇಪು ಹಿಡಿದು ಅಳೆಯುತ್ತೇನೆ ಎಂದೆ. ನೀರನ್ನು ಮತ್ತೆ ಬರೆಯುವ ಪ್ರಶ್ನೆ ಇರಲಿಲ್ಲವಾದ್ದರಿಂದ ಟೀಚರಮ್ಮನೂ ಒಪ್ಪಿದರು.

ಆ ಶನಿವಾರ ಮಧ್ಯಾಹ್ನ ನನ್ನ ಜೀವನದ ಅತ್ಯಂತ ಗದ್ದಲದ ಸಂಶೋಧನೆ ನಡೆಯಿತು. ಮೊದಲ ಮನೆಯವರು ಸೊಂಟ ಎಂದರು. ಎರಡನೆಯ ಮನೆಯವರು, ಅವರ ಸೊಂಟ ಎಂದರೆ ನಮ್ಮ ತೊಡೆ ಎಂದರು. ಒಬ್ಬಾಕೆ ಅವತ್ತು ತಾನು ಮಂಚದ ಮೇಲೆ ನಿಂತಿದ್ದೆ ಎಂಬುದನ್ನು ಅಳತೆ ಮುಗಿದ ಮೇಲೆ ಹೇಳಿದರು. ಮತ್ತೆ ಮಂಚ ಅಳೆದೆವು. 

“ಟೇಪು ಜಗ್ಗಬೇಡಿ ಸಾ, ಮಾನ ಹೋಗ್ತದೆ!” ಎಂದು ಇನ್ನೊಬ್ಬಾಕೆ ಕೂಗಿದರು. 

“ಇವ್ಳದ್ದು ಐದು ವರ್ಷದಾಗೆ ಸೊಂಟಾನೇ ಮೇಲುಕ್ ಓಗದೆ, ಎರಡು ಇಂಚು ಕಳೀರಿ!” ಎಂದು ಅಕ್ಕ ಬಾಗಿಲಲ್ಲಿ ನಿಂತು ತೀರ್ಪು ಕೊಡುತ್ತಿದ್ದರು.

ಬೈಗುಳ, ನಗು, ಕಾಫಿ ಎಲ್ಲ ಮುಗಿದು ಹನ್ನೊಂದು ಮನೆಯ ಅಂಕಿಗಳನ್ನು ಸಾಲಾಗಿ ಬರೆದಾಗ ನಾನು ಬೆರಗಾದೆ. ನೆಲದ ಏರುತಗ್ಗನ್ನು ಲೆಕ್ಕಕ್ಕೆ ಹಿಡಿದರೆ, ಅಕ್ಕಪಕ್ಕದ ಮನೆಗಳ ನೀರು ಒಂದೇ ಮಟ್ಟದಲ್ಲಿ ಕೂರುತ್ತಿತ್ತು. ಎತ್ತರದ ಹೆಂಗಸರು, ಕುಳ್ಳಗಿನವರು, ಮಂಚದ ಮೇಲಿದ್ದವರು, ಎಲ್ಲರ ಮೈಯೂ ಒಂದೇ ಮಾತು ಹೇಳಿತ್ತು. ಎರಡು ಮನೆ ಮಾತ್ರ ಹೊಂದಲಿಲ್ಲ. ಅವೆರಡೂ ಆ ನೆರೆ ಇಳಿದ ಮೇಲೆ ನೆಲ ಎತ್ತರಿಸಿದ ಮನೆಗಳು.

ಅದೇ ಟೇಪಿನಿಂದ ನನ್ನ ಲೆಕ್ಕವನ್ನೂ ನೋಡಿಕೊಂಡೆ. ನಾನು ನಿಂತಿದ್ದೆ ಎಂದು ನೆನಪಿರುವ ಜಾಗದಲ್ಲಿ, ಆ ದಿನದ ನೀರು ನನಗೆ ತೊಡೆಗೂ ಮೇಲೆ ಬರಬೇಕಿತ್ತು. ನನ್ನ ನೆನಪಿನಲ್ಲಿ ಅದು ಮೊಣಕಾಲು. ಅಮ್ಮನಿಗೆ ವಿಷಯ ತಿಳಿಸಿದೆ. “ನಾನು ಹೇಳಲಿಲ್ವಾ?” ಎಂದು ಅವರು ದೋಸೆಯ ಕತೆಯನ್ನು ಮತ್ತೊಮ್ಮೆ ಮೊದಲಿಂದ ಹೇಳಿದರು. ನೀರು ಏರುವ ಮೊದಲು ನಾನು ಬಂದು ಹೋಗಿದ್ದಿರಬಹುದು ಎಂಬ ಸಾಧ್ಯತೆ ಇನ್ನೂ ಇದೆ. ಅಮ್ಮನಿಗೆ ಅದನ್ನು ಹೇಳಿಲ್ಲ.

ಸೋಮವಾರ ಹತ್ತಕ್ಕೆ ಮುಂಚೆ ಅಳತೆಗಳು ಮೇಡಂ ಕೈ ಸೇರಿದವು. ಅವರು ಹಳೆಯ ನಕ್ಷೆಯನ್ನು ತೆಗೆದುಹಾಕಲಿಲ್ಲ. ನೀಲಿ ಗೆರೆ ಯಾಕೆ ಬಾಗಿತು ಎಂದು ಬರೆಸಿ, ಅದರ ಪಕ್ಕದಲ್ಲೇ ಹೊಸ ಅಂಕಿಗಳನ್ನು ಇಟ್ಟು ಕಚೇರಿಗೆ ಕೊಟ್ಟರು. ಬದಲಾಗುವ ಮಳೆ, ಬಿಸಿಯೇರುವ ಸಮುದ್ರ, ಇವೆಲ್ಲವನ್ನೂ ಅಳೆಯಲು ಬೇರೆ ಬಲ್ಲವರಿದ್ದಾರೆ. ಆ ನೀರು ಒಂದು ಗಲ್ಲಿಗೆ ಬರುವಾಗ ಯಾರಿಗೆ ಮೊದಲು ತಿಳಿಯುತ್ತದೆ, ಯಾರ ಹೆಸರು ಪಟ್ಟಿಯಲ್ಲಿರುತ್ತದೆ, ಕಂಡದ್ದನ್ನು ಕಾಗದಕ್ಕೆ ಇಳಿಸುವಾಗ ಯಾರ ಕೈ ಯಾಕೆ ತಡೆಯುತ್ತದೆ ಎಂಬುದನ್ನು ನೋಡುವುದು ನಮ್ಮ ಪಾಲಿನ ಕೆಲಸ ಎಂದು ಮೇಡಂ ಒಂದು ಸಭೆಯಲ್ಲಿ ಹೇಳಿದರು. ಎಂ.ಎ.ಯಲ್ಲಿ ಎರಡು ವರ್ಷ ಕೇಳಿ ಆಕಳಿಸಿದ್ದ ಮಾತು ಅದು. ಈ ಸಲ ಆಕಳಿಸಲಿಲ್ಲ.

ನಕ್ಷೆ ಹೋದ ಮೇಲೆ ಏನಾಯಿತೆಂದು ಯಾರೂ ನಮಗೆ ತಿಳಿಸಲಿಲ್ಲ. ನನ್ನ ಅವಧಿ ಮುಗಿಯಿತು, ನಾನು ರೂಢಿಯಂತೆ ಆ ಕೆಲಸವನ್ನೂ ಬಿಟ್ಟೆ. ಜೂನ್ ಕಳೆಯಿತು. ಮೇಲೆ, ಹೊಳೆ ಹುಟ್ಟುವ ವಯನಾಡಿನ ಕಡೆ ಮಳೆ ಹಿಡಿಯಿತು. ತಿ. ನರಸೀಪುರದ ಸಂಗಮದಲ್ಲಿ ನೀರಿನ ಬಣ್ಣ ಬದಲಾದಾಗಲೆಲ್ಲ ಆ ಗಲ್ಲಿಯ ಯೋಚನೆ ಬರುತ್ತಿತ್ತು. ಒಂದು ದಿನ ನಂಜನಗೂಡಿನ ಸ್ನಾನಘಟ್ಟ ಮುಳುಗಿದೆ ಎಂಬ ಸುದ್ದಿ ಬಂತು. ಮರುದಿನ ನಂಜನಗೂಡಿನ ಬಸ್ಸು ನಿಂತಿತು. ಅಕ್ಕನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಆ ಎರಡು ದಿನ ನಾನು ಮನೆಯಲ್ಲಿ ಎಷ್ಟು ಸಲ ಅತ್ತಿಂದಿತ್ತ ತಿರುಗಿದೆ ಎಂದರೆ, ಹಾಲು ತರಲಿಕ್ಕಾದರೂ ಹೋಗು ಎಂದು ಅಮ್ಮ ಹೊರಗೆ ಕಳಿಸಿದರು.

ಮೂರನೆಯ ದಿನ ಅವರೇ ಫೋನ್ ಮಾಡಿದರು. “ಸಾ! ಬಂತು ಕಣ್ ಸಾ!”

“ನೀರಾ?”

“ನೀರೂ ಬಂತು. ಮೊದ್ಲು ಆಟೋ ಬಂತು! ನಮ್ ಗಲ್ಲಿ ಒಳೀಕೆ! ತಿರುಗಿಸ್ಕಳಕ್ ಜಾಗ ಇಲ್ದೆ ರಿವರ್ಸಲ್ಲೇ ಬಂದ ಪುಣ್ಯಾತ್ಮ. ಅಕ್ಕಿ, ಬಾಣಲೆ, ಜರಡಿ, ಎಲ್ಲಾ ಟೀಚರಮ್ಮನ ತಾರಸೀಲದೆ. ಒಲೆ ಮಾತ್ರ ಕರಗೋಯ್ತು. ಓಗ್ಲಿ ಬುಡಿ, ನಾಲ್ಕ್ ದಿನದಾಗೆ ಮೆತ್ಕತೀನಿ.”

ನನಗೆ ಬಹಳ ಸಂತೋಷವಾಯಿತು. ಫೋನಿಟ್ಟ ಹತ್ತು ನಿಮಿಷಕ್ಕೆ ಅನುಮಾನ ಬಂತು. ಅಕ್ಕ ಒಳ್ಳೆಯವರು. ನನ್ನನ್ನು ನೋಯಿಸಬಾರದೆಂದು ಹಾಗೆ ಹೇಳಿರಬಹುದೇ? ಅಥವಾ ಆಟೋ ನೀರು ಬಂದ ಮೇಲೆ ಬಂದು, ಸಂಭ್ರಮದಲ್ಲಿ ಹಿಂದುಮುಂದಾಗಿ ನೆನಪಾಗಿರಬಹುದೇ? ರಸ್ತೆ ತೆರೆದ ಮೇಲೆ ಹೋದೆ. ಗಲ್ಲಿಯಲ್ಲಿ ಇನ್ನೂ ಕೆಸರಿತ್ತು. ಅಕ್ಕ ಒಲೆ ಮೆತ್ತುತ್ತಿದ್ದರು. ಆಟೋ ಎಷ್ಟು ಹೊತ್ತಿಗೆ ಬಂತೆಂದು ನಾನು ಗಲ್ಲಿಯಲ್ಲೇ ನಿಂತು ಮೂವರನ್ನು ಬೇರೆ ಬೇರೆಯಾಗಿ ಕೇಳಿದೆ. ಒಬ್ಬರು ಎಂಟು ಗಂಟೆ ಎಂದರು, ಒಬ್ಬರು ಹನ್ನೊಂದು, ಟೀಚರಮ್ಮ ತಿಂಡಿಯ ಹೊತ್ತು ಎಂದರು.

“ಇವ್ರಿಗೆ ಇನ್ನೂ ಡೌಟು!” ಎಂದು ಅಕ್ಕ ಮಣ್ಣಿನ ಕೈಯಲ್ಲೇ ಸೊಸೆಯನ್ನು ಕರೆದರು. “ಆ ಫೋನ್ ತತ್ತಾ ಮಗಾ, ಯೂನಿವರ್ಸಿಟಿಗೆ ತೋರ್ಸು.”

ಸೊಸೆ ನೀರು ಬಂದ ದಿನ ಬೆಳಗ್ಗೆ ಮುಡುಕುತೊರೆಯ ತವರಿಗೆ ಒಂದು ಧ್ವನಿ ಸಂದೇಶ ಕಳಿಸಿದ್ದಳು. ಕೊಟ್ಟು ಕಳಿಸಿದ ಉಪ್ಪಿನಕಾಯಿಯಲ್ಲಿ ಉಪ್ಪು ಜಾಸ್ತಿಯಾಗಿದೆ ಎಂದು ತಾಯಿಗೆ ದೂರುತ್ತಿದ್ದಾಳೆ. ಅವಳ ಮಾತಿನ ಹಿಂದೆ, ಮೊದಲು ಸಣ್ಣಗೆ, ಆಮೇಲೆ ಅವಳ ದನಿಯನ್ನೇ ಮುಚ್ಚುವಷ್ಟು ಜೋರಾಗಿ, ನದಿತೀರದ ನಿವಾಸಿಗಳು ಸಾಮಾನು ಸಮೇತ ಎತ್ತರದ ಜಾಗಕ್ಕೆ ಹೋಗಬೇಕು ಎಂದು ಮೈಕಿನ ಕೂಗು ಕೇಳಿಸುತ್ತದೆ. ನಾನು ಅದನ್ನು ನಾಲ್ಕು ಸಲ ಕೇಳಿದೆ. ಸಂದೇಶದ ಕೆಳಗಿದ್ದ ಹೊತ್ತು ಬೆಳಗ್ಗೆ ಒಂಬತ್ತು ನಲವತ್ತು. ಹೊಸ್ತಿಲಿಗೆ ನೀರು ಮುಟ್ಟಿದಾಗ ಅವಳು ತೆಗೆದ ವಿಡಿಯೊ ಅದೇ ಫೋನಿನಲ್ಲಿತ್ತು. ಅದರ ಹೊತ್ತು ಅದೇ ದಿನ ಮಧ್ಯಾಹ್ನ ಎರಡು ಹತ್ತು. ಅಕ್ಕ ಕೇಳಿದ್ದು ಮೂರು ಗಂಟೆ, ಸಿಕ್ಕಿದ್ದು ನಾಲ್ಕೂವರೆ.